ಒಂದೇ ಕಿವಿಯ ಹಾಡು

ಮರವಂತೆಯ ದಾರಿಯಲ್ಲಿ ಕಡಲು ಜನರನ್ನು ಹೆಸರು ಹಿಡಿದು ಕರೆದು ನೀರಿಗೆಳೆದುಕೊಳ್ಳತೊಡಗಿದ ಮೇಲೆ ಹೆಡ್‌ಫೋನ್ ಇಲ್ಲದೆ ಯಾರೂ ಬಸ್ಸು ಹತ್ತುತ್ತಿರಲಿಲ್ಲ. ಎಲ್ಲರೂ ಕಿವಿ ತುಂಬ ಹಾಡು ಹಾಕಿಕೊಂಡು ಕೂರುತ್ತಿದ್ದರು. ಪಕ್ಕದವರನ್ನು ಮಾತಾಡಿಸುವುದು ಮರ್ಯಾದೆಗೇಡು ಎನಿಸಿಕೊಂಡಿತ್ತು. ಉತ್ತರ ಕೊಡಲು ಅವರು ಕಿವಿ ತೆರೆಯಬೇಕಲ್ಲ!

ಅಂದು ಮಧ್ಯಾಹ್ನ ಕಡಲು ಕಾಣುವಷ್ಟರಲ್ಲಿ ಸುಗಂಧಿಯ ಹಾಡು ನಿಂತುಹೋಯಿತು. ಚಾರ್ಜಿಗೆ ಹಾಕಲು ಮರೆತಿದ್ದಳು. ಅಂಗೈಗಳಿಂದ ಕಿವಿ ಒತ್ತಿಕೊಂಡರೂ ಕೇಳಿಸಿತು.

“ಸುಗಂಧೀ, ಬಾ ಮಗಾ.”

ದೋಣಿ ಮಗುಚಿ ಸತ್ತ ಅಪ್ಪನ ದನಿ! ಅವಳ ಕಾಲುಗಳು ತಾವಾಗಿಯೇ ಎದ್ದು ಬಾಗಿಲ ಕಡೆ ತಿರುಗಿದವು. ಕೂಗಿದರೂ ಬಸ್ಸಿನಲ್ಲಿ ಕೇಳುವವರಿರಲಿಲ್ಲ. ಸಂಕೋಚ ಬಿಟ್ಟು ಪಕ್ಕದ ಮುದುಕಿಯ ಸೆರಗು ಹಿಡಿದೆಳೆದಳು.

ಮುದುಕಿ ಸಿಡುಕಿನಿಂದ ತಿರುಗಿದಳು. ಸುಗಂಧಿಯ ಮುಖ ನೋಡಿದ್ದೇ ತನ್ನ ಒಂದು ಇಯರ್‌ಫೋನ್ ಕಿತ್ತು ಅವಳ ಕಿವಿಗಿಟ್ಟಳು. ಯಾವುದೋ ಭಜನೆ ಬಂತು. ಅಪ್ಪನ ದನಿ ಅರ್ಧಕ್ಕೆ ಇಳಿಯಿತು.

ಈಗ ಮುದುಕಿಯೇ ಸೀಟು ಬಿಟ್ಟು ಬಾಗಿಲ ಕಡೆ ಏಳತೊಡಗಿದಳು. “ನನ್ನೂ ಕರೀತಿದ್ರ್ ಮಗಾ, ಕೈ ಬಿಡ್ಬೇಡ!”

“ಬಿಡುದಿಲ್ಲ ಅಮ್ಮ,” ಎಂದು ಸುಗಂಧಿ ಒಂದು ಕೈಯಲ್ಲಿ ಸೀಟಿನ ಕಂಬಿಯನ್ನೂ ಇನ್ನೊಂದರಲ್ಲಿ ಮುದುಕಿಯನ್ನೂ ಅವುಚಿ ಹಿಡಿದಳು. ಬಸ್ಸು ತ್ರಾಸಿ ದಾಟಿ ಒಳದಾರಿಗೆ ಹೊರಳಿದ ಮೇಲೆಯೇ ಇಬ್ಬರಿಗೂ ಉಸಿರು ಬಂದದ್ದು.

ಮುದುಕಿ ಕಣ್ಣೊರೆಸಿಕೊಂಡಳು. “ನಮ್ಮನಿಯವ್ರ್ ದನಿ ಕೇಳ್ದೆ ಎಷ್ಟ್ ವರ್ಷ ಆಗಿತ್ತ್,” ಎಂದಳು. ಆಮೇಲೆ ಇನ್ನೊಂದು ಇಯರ್‌ಫೋನನ್ನೂ ಮೆಲ್ಲಗೆ ತೆಗೆದು ಸುಗಂಧಿಯ ಅಂಗೈಯಲ್ಲಿಟ್ಟು ನಕ್ಕಳು. “ನೀನೇ ಇಟ್ಕೊ ಮಗಾ. ವಾಪಸ್ ಹೋಪ ಹೊತ್ತಿಗೆ ನಂಗೆ ಬೇಡ.”