ಸಂಘಕ್ಕೆ ಸೇರದವರು

"ಸಂಘಕ್ಕೆ ಸೇರದವರ ಹೆಸರು ಧಣಿಗಳಿಗೆ ಬೇಕಂತೆ ವಾರಿಜಕ್ಕಾ," ಎಂದರು ಗೇರುಬೀಜ ಕಾರ್ಖಾನೆಯ ಲೆಕ್ಕ ಬರೆಯುವ ರೈಟರು.

ವಾರಿಜಳಿಗೆ ಹೋದ ಜೀವ ಬಂದಂತಾಯಿತು. ಹೊರದೇಶದ ಆರ್ಡರು ನಿಂತು, ಅರ್ಧ ಜನರನ್ನು ಕೆಲಸದಿಂದ ತೆಗೆಯುತ್ತಾರೆಂಬ ಸುದ್ದಿ ಹಬ್ಬಿತ್ತು. ಮೊದಲ ಏಟು ಕಾರ್ಮಿಕ ಸಂಘದವರಿಗೇ ಎಂದು ಹೆದರಿ ತಾನಂತೂ ಸೇರಿರಲಿಲ್ಲ; ನಿನ್ನೆಯಷ್ಟೇ ತಂಗಿಗೆ ಆಣೆ ಹಾಕಿ ಸಂಘದಿಂದ ಅವಳ ಹೆಸರನ್ನೂ ತೆಗೆಸಿದ್ದಳು.

"ನನ್ನದು ಬರೀರಿ, ನನ್ನ ತಂಗಿದೂ ಬರೀರಿ. ಅವಳು ಗಂಡ ಬಿಟ್ಟವಳು, ಎರಡು ಮಕ್ಕಳುಂಟು."

ರೈಟರು ತಲೆ ಎತ್ತದೆ ಬರೆದರು.

"ನಮ್ಮನ್ನು ಇಟ್ಕೊಳ್ತಾರಲ್ಲ?"

"ಸಂಘದವರನ್ನು ತೆಗೆದ್ರೆ ಕೋರ್ಟು, ಧರಣಿ, ನೂರು ತಕರಾರು ಮಾರಾಯ್ರೆ. ನಿಮ್ಮನ್ನು ತೆಗೆದ್ರೆ ಕೇಳುವವರು ಯಾರುಂಟು?"

ಆಚೆ ಬೀಜ ಸುಲಿಯುತ್ತಿದ್ದ ತಂಗಿ, ತನ್ನ ಹೆಸರೂ ಬರೆಸಿದೆಯಾ ಎಂದು ಸನ್ನೆಯಲ್ಲೇ ಕೇಳಿ, ಉತ್ತರಕ್ಕೂ ಕಾಯದೆ ನಗುತ್ತಾ ಅಕ್ಕನಿಗೆ ಕೈ ಮುಗಿದಳು.