ಹತ್ತನೆಯ ಪ್ರವಾಸಿ

“ಹತ್ತನೆಯವಳು ಅವಳೇ. ಹೋಗಿ ಕೇಳಿ,” ಎಂದಳು ಮೇಲ್ವಿಚಾರಕಿ.

ವಿಮಾನ ನಿಲ್ದಾಣದ ಗುಮಾಸ್ತ ಹಲ್ಲು ಕಚ್ಚಿದ. ತಮ್ಮ ದೇಶಕ್ಕೆ ಮರಳುವ ವಿದೇಶಿ ಪ್ರವಾಸಿಗರಲ್ಲಿ ಪ್ರತಿ ಹತ್ತನೆಯವರನ್ನು ಪ್ರಶ್ನಿಸಬೇಕೆಂಬುದು ನಿಯಮ. ಅವನೋ ಆರು ವರ್ಷಗಳಿಂದ ನಗುಮುಖದವರನ್ನಷ್ಟೇ ಹುಡುಕಿ ನಿಲ್ಲಿಸುತ್ತಿದ್ದ. ಆ ಉತ್ತರಗಳನ್ನೇ ನಂಬಿ, ನೂರಕ್ಕೆ ತೊಂಬತ್ತಾರು ಮಂದಿ ಮತ್ತೆ ಬರುತ್ತಾರೆಂದು ಪ್ರವಾಸೋದ್ಯಮ ಇಲಾಖೆ ಎದೆಯುಬ್ಬಿಸಿ ಸಾರುತ್ತಿತ್ತು. ಈ ಹೆಂಗಸು ಚಕ್ರ ಮುರಿದ ಸೂಟ್‌ಕೇಸನ್ನು ದರದರನೆ ಎಳೆದುಕೊಂಡು ಬರುತ್ತಿದ್ದಳು.

“ನಮ್ಮ ದೇಶಕ್ಕೆ ಮತ್ತೆ ಬರ್ತೀರಾ?” ಎಂದು ಗೊಣಗಿದ.

“ಹೋಟೆಲಲ್ಲಿ ದೂರು ಹೇಳಿದೆ, ಪೊಲೀಸರಿಗೂ ಹೇಳಿದೆ. ಯಾರೂ ಬರ್ಕೊಳ್ಳಲಿಲ್ಲ. ಕೊಡಿ ಇಲ್ಲಿ, ನಾನೇ ಬರೀತೀನಿ.” ಅವಳು ಪೆನ್ನು ಕಿತ್ತುಕೊಂಡು, ಫಾರಂ ತುಂಬ ‘ಇಲ್ಲ’ ಎಂದು ಒತ್ತಿ ಗೀಚಿ ಹೊರಟುಹೋದಳು.

ಗುಮಾಸ್ತ ಆ ಹಾಳೆಯನ್ನು ಪುಸ್ತಕದಿಂದ ಹರಿದು, ಮುದುರಿ ಜೇಬಿಗೆ ತುರುಕಿದ. “ತಲೆಕೆಟ್ಟವರನ್ನೆಲ್ಲ ಲೆಕ್ಕಕ್ಕೆ ತಗೊಂಡ್ರೆ ಇಲಾಖೆ ಉದ್ಧಾರ ಆದ ಹಾಗೇ, ಮೇಡಂ. ನೀವಿನ್ನೂ ಹೊಸಬರು.”

ಮೇಲ್ವಿಚಾರಕಿ ಫಾರಂ ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಕೆಳಗಿನ ಖಾಲಿ ಹಾಳೆಯಲ್ಲಿ ಆ ‘ಇಲ್ಲ’ ಹಳ್ಳಬಿದ್ದು ಕೂತಿತ್ತು. ಒಂದೊಂದೇ ಹಾಳೆ ಮಗುಚಿದಳು. ಐದನೆಯದರಲ್ಲೂ ಇತ್ತು.

“ಜೇಬಲ್ಲಿರೋದನ್ನ ನೀವೇ ಇಟ್ಕೊಳ್ಳಿ,” ಎಂದಳು. “ನನಗೆ ಇಷ್ಟು ಸಾಕು.”