ಒಲೆ ದೇವರ ಬಾಯಿ

ಐವಿ ಇನ್ನೊಂದು ಚಮಚ ಜೇನು ತೆಗೆದಾಗ ಮಗಳು ಪಾಲೆಟ್ ಅವಳ ಕೈ ಹಿಡಿದಳು.

"ಸಾಕು ಮಮ್ಮಾ. ತುಟಿಗೆ ಸವರು ಅಂದ್ರೆ ಸ್ನಾನಾನೇ ಮಾಡಿಸ್ತಿದ್ದೀಯಲ್ಲ!"

ಒಲೆಯ ಮೇಲಿನ ಗೋಡೆಯಿಂದ ಇಳಿಸಿದ ಒಲೆ ದೇವರ ಕಾಗದದ ಪಟ ಮೇಜಿನ ಮೇಲೆ ಅಂಗಾತ ಮಲಗಿತ್ತು. ವರ್ಷವಿಡೀ ಅಲ್ಲಿ ಕೂತು ಮನೆಯೊಳಗಿನದ್ದನ್ನೆಲ್ಲ ನೋಡಿದವನು, ಚೀನೀ ಹೊಸ ವರ್ಷಕ್ಕೆ ವಾರವಿದೆ ಎನ್ನುವಾಗ ಹೊಗೆಯಾಗಿ ಮೇಲೇರಿ ವರದಿ ಒಪ್ಪಿಸುತ್ತಾನೆ. ಒಳ್ಳೆಯದನ್ನೇ ಹೇಳಲಿ ಎಂದು ಸುಡುವ ಮೊದಲು ಅವನ ಬಾಯಿ ಸಿಹಿ ಮಾಡಬೇಕು. ಚೀನಾದಿಂದ ಹಡಗು ಹತ್ತಿ ಜಮೈಕಾಕ್ಕೆ ಬಂದ ಐವಿಯ ಅಜ್ಜಿಗೆ ಇದಕ್ಕೆ ಬೆರಳ ತುದಿಯಷ್ಟು ಜೇನು ಸಾಕಾಗುತ್ತಿತ್ತು.

"ಇಷ್ಟೊಂದು ಯಾಕೆ? ಅಂಥದ್ದೇನು ನೋಡ್ಬಿಟ್ಟಿದ್ದಾನೆ ಪಾಪ?"

"ಅಂಗಡಿ ವ್ಯಾಪಾರ ಅಂದ್ಮೇಲೆ ನೂರೆಂಟು ಇರತ್ತೆ."

"ಅಂಗಡಿ ಮುಚ್ಚಿ ಎರಡು ವರ್ಷ ಆಯ್ತು, ಮಮ್ಮಾ."

ಐವಿ ಚಮಚ ನೆಕ್ಕಿದಳು. ಬೆಳಗಿನಿಂದ ಅವಳ ನಾಲಿಗೆಯ ತುದಿಯಲ್ಲಿ ಒಂದೇ ಮಾತು ಕೂತಿತ್ತು: ಹಬ್ಬದ ಹಿಂದಿನ ರಾತ್ರಿಯ ಊಟಕ್ಕೆ ಈ ಸಲ ಎಗ್ಬರ್ಟ್‌ನನ್ನೂ ಕರೆಯೋಣವಾ? ಆ ರಾತ್ರಿ ಮೇಜಿಗೆ ಮನೆಯವರು ಮಾತ್ರ. ತೀರಿಕೊಂಡ ಅಪ್ಪನ ಕುರ್ಚಿಯ ಮುಂದೆ ಈಗಲೂ ಒಂದು ಬಟ್ಟಲು ಇಡುವ ಮಗಳಿಗೆ ಇದನ್ನು ಯಾವ ಬಾಯಲ್ಲಿ ಕೇಳುವುದು? ಪಾಲೆಟ್ ಕಿಂಗ್‌ಸ್ಟನ್ ಬಸ್ಸಿಳಿದು ಒಳಗೆ ಕಾಲಿಟ್ಟಾಗಲೇ ಕೇಳಬೇಕಿತ್ತು. ಆಗ ಸಾರು ಕುದಿಯುತ್ತಿತ್ತು. ಆಮೇಲೆ ಮಗಳಿಗೆ ನಿದ್ದೆ ಬಂತು. ಅವಳು ಎದ್ದಾಗ ಐವಿಯ ಧೈರ್ಯ ಮಲಗಿತ್ತು.

ಹಿತ್ತಲಲ್ಲಿ ಪಟವನ್ನು ತಗಡಿನ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದರು. ದೇವರು ಹೊರಡಲಿಲ್ಲ. ಮೂಲೆ ಕಪ್ಪಾಯಿತು, ಜೇನು ಚುಯ್ ಎಂದಿತು, ಬೆಂಕಿ ಆರಿತು. ಮತ್ತೆ ಗೀರಿದರೆ ಮತ್ತೆ ಅದೇ ಕಥೆ.

"ನೋಡು, ಹೊಟ್ಟೆ ಭಾರ ಆಗಿ ಏಳೋಕೇ ಆಗ್ತಿಲ್ಲ ಅವನಿಗೆ," ಎಂದಳು ಪಾಲೆಟ್. "ಒಳಗೆ ಹಾಸಿಗೆ ಹಾಸು, ಇಲ್ಲೇ ಇರ್ಲಿ."

ಆಗ ಹಿತ್ತಲ ಗೇಟು ಕಿರ್ರೆಂದಿತು. ಎಗ್ಬರ್ಟ್ ಕಂಕುಳಲ್ಲಿ ಒಂದು ದೀವಿಹಲಸು ಹಿಡಿದು ನಿಂತಿದ್ದ. ಊರಿನ ಬಸ್ಸು ಓಡಿಸಿ ನಿವೃತ್ತನಾದವನು, ಈಗ ಚರ್ಚಿನಲ್ಲಿ ದಪ್ಪ ದನಿಯಲ್ಲಿ ಹಾಡುವವನು. ಮಗಳು ಇರುವಾಗ ಬಂದರೆ ಮುಂಬಾಗಿಲಿಂದ ಬಾ ಎಂದು ಐವಿ ಹೇಳಿಕೊಟ್ಟಿದ್ದಳು. ಏನು ಮಾಡುವುದು, ಕಾಲಿಗೆ ರೂಢಿಯಾದ ದಾರಿ.

"ಗುಡ್ ಈವ್ನಿಂಗ್, ಮಿಸೆಸ್ ಲ್ಯೂ," ಎಂದ ಐವಿಗೆ, ಪರೀಕ್ಷೆಗೆ ಬಾಯಿಪಾಠ ಮಾಡಿದವನಂತೆ. "ಹೀಗೇ ಈ ಕಡೆ ಹೋಗ್ತಾ ಇದ್ದೆ..."

"ಈ ಕಡೆ ಸಮುದ್ರ ಬಿಟ್ರೆ ಇನ್ನೇನೂ ಇಲ್ವಲ್ಲ, ಮಿಸ್ಟರ್ ಎಗ್ಬರ್ಟ್," ಎಂದಳು ಪಾಲೆಟ್.

ಅವನು ಕೆಮ್ಮಿ, ತಟ್ಟೆಯ ಕಡೆ ಬಗ್ಗಿ ನೋಡಿದ. "ಬಿಳಿ ರಮ್ ಸುರೀರಿ. ಒದ್ದೆ ಸೌದೆ ಕೂಡ ಹತ್ಕೊಳ್ಳತ್ತೆ."

ಪಾಲೆಟ್ ಒಳಗೆ ಹೋದಳು. ಡಬ್ಬಗಳ ಸದ್ದಾಯಿತು. "ಮಮ್ಮಾ, ರಮ್ ಎಲ್ಲಿ? ಎಣ್ಣೆ ಬಾಟಲಿ ಪಕ್ಕದಲ್ಲಿ ಇಲ್ಲ!"

ಐವಿ ಬಾಯಿ ತೆರೆಯುವ ಮೊದಲೇ ಎಗ್ಬರ್ಟ್ ಕೂಗಿ ಹೇಳಿದ, "ಹಿಟ್ಟಿನ ಡಬ್ಬದ ಹಿಂದೆ! ಎಡಗಡೆ!"

ಅಡುಗೆಮನೆಯಲ್ಲಿ ಸದ್ದು ನಿಂತಿತು. ಐವಿ ಅವನನ್ನು ಕಣ್ಣಲ್ಲೇ ಸುಟ್ಟಳು.

ಪಾಲೆಟ್ ಹೊರಗೆ ಬಂದು ಬಾಟಲಿಯನ್ನು ಅವನ ಕೈಗೇ ಕೊಟ್ಟಳು. ಗಾಬರಿಯಲ್ಲಿ ಅವನು ಧಾರಾಳವಾಗಿ ಸುರಿದು ಕಡ್ಡಿ ಗೀರಿದ. ಭಗ್ ಎಂದು ಉರಿ ಆಳೆತ್ತರಕ್ಕೆ ಎದ್ದಿತು.

"ಬರ್ಟೀ, ಹುಬ್ಬು!" ಐವಿ ಚೀರಿ, ಏಪ್ರನ್ನಿನ ಸೆರಗನ್ನು ಅವನ ಹಣೆಗೆ ಒತ್ತಿ ಹಿಡಿದಳು. ಒತ್ತಿದ ಕೈ ತನ್ನದೇ ಎಂದು ಹೊಳೆದು ಹಿಂದಕ್ಕೆ ತೆಗೆಯುವಷ್ಟರಲ್ಲಿ ದೇವರು ಮರದ ನೆತ್ತಿ ದಾಟಿದ್ದ.

ಪಾಲೆಟ್ ಹೊಗೆಯನ್ನು ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು. ಮಗಳು ಈಗ ಒಳಗೆ ಹೋಗಿ ಬ್ಯಾಗು ತುಂಬಿಕೊಂಡರೆ?

"ಅಪ್ಪನ ಕುರ್ಚಿ ಅಪ್ಪಂದೇ," ಎಂದಳು ಪಾಲೆಟ್, ಎಗ್ಬರ್ಟ್‌ನ ಕಡೆ ತಿರುಗಿ. ದನಿ ಸ್ವಲ್ಪ ನಡುಗಿತು, ಆಮೇಲೆ ಸರಿಹೋಯಿತು. "ಕಿಟಕಿ ಹತ್ರ ಇನ್ನೊಂದು ಹಾಕ್ತೀನಿ. ಹಬ್ಬದ ಹಿಂದಿನ ರಾತ್ರಿ ಊಟಕ್ಕೆ ಬನ್ನಿ. ಅಂಗಿ ಇಸ್ತ್ರಿ ಆಗಿರ್ಲಿ. ಮುಂಬಾಗಿಲಿಂದಾನೇ ಬನ್ನಿ. ಮತ್ತೆ ಮೀನು ಎಷ್ಟೇ ರುಚಿ ಇದ್ರೂ ಖಾಲಿ ಮಾಡೋ ಹಾಗಿಲ್ಲ, ಹೊಸ ವರ್ಷಕ್ಕೆ ಅಂತ ಒಂದಿಷ್ಟು ಮಿಗಿಸ್ಬೇಕು."

ಎಗ್ಬರ್ಟ್‌ನ ಮುಖ ಅರಳಿ ಊರಗಲವಾಯಿತು.

"ಅಯ್ಯೋ, ಗೊತ್ತಮ್ಮಾ! ಹೋದ ವರ್ಷಾನೂ ಬಾಲದ ಕಡೆ ಪೂರ್ತಿ ಮಿಗಿಸಿದ್ವಿ."



"ಹೋದ ವರ್ಷ?" ಎಂದಳು ಪಾಲೆಟ್ ನಿಧಾನವಾಗಿ. "ಹೋದ ವರ್ಷ ಆಸ್ಪತ್ರೆ ಡ್ಯೂಟಿ ಬಿದ್ದು ಬರೋಕಾಗ್ಲಿಲ್ಲ ಅಂತ ನಾನು ಫೋನಲ್ಲಿ ಗೊಳೋ ಅಂತ ಅತ್ತಿದ್ದೀನಿ. ಹಬ್ಬದೂಟ ಮಮ್ಮ ಒಬ್ಳೇ ಉಂಡ್ಳಲ್ಲಾ ಅಂತ. ನೀನೂ ಅಳ್ತಿದ್ದೆ, ಮಮ್ಮಾ!"

ಐವಿ ಏಪ್ರನ್ನಿನ ಬೂದಿ ಕೊಡವಿಕೊಂಡಳು.

"ಒಬ್ಳೇ ಅಂದಿದ್ದು ನೀನು, ನಾನಲ್ಲ. ಅಷ್ಟು ಸಂಕಟ ಪಡ್ತಿದ್ದೆ, ನಡುವೆ ಬಾಯಿ ಹಾಕಿ ನಿನ್ನ ಮನಸ್ಸು ಯಾಕೆ ನೋಯಿಸ್ಲಿ ಅಂತ ನಾನೂ ಅತ್ತೆ. ಬೇಕಾದ್ರೆ ಕೇಳು, ಪಕ್ಕದಲ್ಲಿ ಕೂತ್ಕೊಂಡು ಇವರೂ ಅತ್ರು."